ರಾತ್ರಿ ಟೂರಿಂಗ್‌ಗೆ ಎಕ್ಸ್‌ಟ್ರಾ ಲೈಟ್: ಸ್ಪಾಟ್ ಹಾಕಲಾ, ಫಾಗ್ ಹಾಕಲಾ?

ರಾತ್ರಿದಾರಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ನನ್ನದು 650 ಸಿಸಿ ಟೂರಿಂಗ್ ಬೈಕ್, ಎಂಟು ವರ್ಷ ಹಳೆಯದು. ಮುಂದೆ ಒಂದೇ ದುಂಡು ಹೆಡ್‌ಲೈಟ್. ಒಳಗೆ ಕಂಪನಿಯಿಂದ ಬಂದ ಹಾಗೇ ಎಚ್4 ಹ್ಯಾಲೊಜೆನ್ ಬಲ್ಬ್, 60/55 ವ್ಯಾಟ್ (ಹೈ ಬೀಮ್‌ಗೆ 60, ಲೋ ಬೀಮ್‌ಗೆ 55). ಹಗಲಲ್ಲಿ ಓಡಿಸುವಾಗ ಇದರ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ಒಂದು ವರ್ಷದಿಂದ ಕೆಲಸದ ಪಾಳಿ ಬದಲಾಗಿದೆ. ಈಗ ಟೂರ್ ಹೊರಡುವುದೇ ಸಂಜೆ ಆರರ ಮೇಲೆ. ಮೊದಲ ನಾಲ್ಕೈದು ಗಂಟೆ ಪೂರ್ತಿ ಕತ್ತಲು.

ಮೂರು ವಾರದ ಹಿಂದೆ ನಡೆದದ್ದು ಹೇಳುತ್ತೇನೆ. ಹೆಂಡತಿ ಹಿಂದೆ ಕೂತಿದ್ದಳು. ಎರಡೂ ಕಡೆ ಬಾಕ್ಸ್ ತುಂಬಿತ್ತು. ಗುಡ್ಡದ ರಸ್ತೆ, ಗಂಟೆಗೆ 60 ಕಿ.ಮೀ. ಇದ್ದಿರಬೇಕು. ಎದುರಿಗೆ ಕಾರು ಬಂತು ಅಂತ ಡಿಪ್ ಮಾಡಿದೆ. ಹಾಗೇ ತಿರುವಿಗೆ ಬೈಕ್ ವಾಲಿಸಿದೆ. ಕಾರು ದಾಟಿತು. ಮರುಕ್ಷಣ ನೋಡಿದರೆ ತಿರುವಿನ ಒಳಗಡೆ, ನನ್ನ ದಾರಿಗೆ ಸರಿಯಾಗಿ, ತೋಳು ದಪ್ಪದ ಮರದ ಕೊಂಬೆ ಬಿದ್ದಿದೆ. ಅದು ಕಂಡಾಗ ನನಗೂ ಅದಕ್ಕೂ ನಡುವೆ ಎರಡು ಕಾರಿನಷ್ಟು ಜಾಗ ಇತ್ತು, ಅಷ್ಟೇ. ಬೈಕ್ ನೆಟ್ಟಗೆ ಮಾಡಿ ತುದಿಯ ಎಲೆಗಳ ಮೇಲೆ ಹಾಯಿಸಿದೆ. ಬೀಳಲಿಲ್ಲ. ಹೆಂಡತಿ ಏನೂ ಹೇಳಲಿಲ್ಲ. ಆದರೆ ಆಮೇಲೆ ಅರ್ಧ ಗಂಟೆ ನನ್ನ ಜಾಕೆಟ್ ಹಿಡಿದ ಕೈಯನ್ನು ಅವಳು ಸಡಿಲ ಮಾಡಲೇ ಇಲ್ಲ.

ಅವತ್ತೇ ತೀರ್ಮಾನ ಮಾಡಿದೆ, ಲೈಟ್ ಹಾಕಿಸಲೇಬೇಕು. ನನಗೆ ಗೊತ್ತಾಗಬೇಕಾದದ್ದು ಇಷ್ಟು. ದೂರ ಹೊಡೆಯುವ ಸ್ಪಾಟ್ ಒಳ್ಳೆಯದಾ, ಅಗಲಕ್ಕೆ ಹರಡುವ ಫಾಗ್ ಒಳ್ಳೆಯದಾ? ಎಷ್ಟು ವ್ಯಾಟ್ ತಡೆಯುತ್ತದೆ? ಇಂಜಿನ್ ಓಡುವಾಗ ಬೈಕ್ ತಯಾರಿಸುವ ಕರೆಂಟ್ 5000 ಆರ್‌ಪಿಎಂನಲ್ಲಿ 300 ವ್ಯಾಟ್ ಅಂತ ಬೈಕಿನ ಪುಸ್ತಕದಲ್ಲಿ ಬರೆದಿದೆ. ಹ್ಯಾಂಡಲ್‌ಗೆ ಬಿಸಿ ಗ್ರಿಪ್ ಇದೆ, ಫೋನ್ ಚಾರ್ಜರ್ ಇದೆ. ಬ್ಯಾಟರಿ ಕೈ ಕೊಟ್ಟರೆ ನಡುರಾತ್ರಿ ಎಲ್ಲಿ ಹೋಗಲಿ? ವೈರಿಂಗ್ ನಾನೇ ಮಾಡಬೇಕು ಅಂತಿದ್ದೇನೆ. ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ವೈರ್ ಹಿಡಿದು ಇಲ್ಲ. ಇನ್ನೊಂದು, ಎದುರಿನವರ ಕಣ್ಣಿಗೆ ಹೊಡೆಯಬಾರದು. ಆ ಹಿಂಸೆ ನಾನೇ ದಿನಾ ಅನುಭವಿಸುತ್ತಿದ್ದೇನೆ.

ಎರಡುಚಕ್ರ:

ಮೊದಲು, ನೀವಿಬ್ಬರೂ ಕ್ಷೇಮವಾಗಿದ್ದೀರಲ್ಲ, ಅದು ಸಮಾಧಾನ. ನೀವು ಬರೆದದ್ದು ಓದುವಾಗ ನನ್ನ ಹೊಟ್ಟೆಯಲ್ಲೂ ಒಂದು ಸಲ ಕಲಸಿದ ಹಾಗಾಯಿತು.

ಹನ್ನೆರಡು ವರ್ಷದಿಂದ ರಾತ್ರಿ ಹೊತ್ತೇ ಜಾಸ್ತಿ ಓಡಿಸುತ್ತಿದ್ದೇನೆ. ಮೂರು ಬೈಕಿಗೆ ಲೈಟ್ ಹಾಕಿದ್ದೇನೆ, ಎರಡು ಸಲ ಕಿತ್ತು ಮತ್ತೆ ಹಾಕಿದ್ದೇನೆ. ನನ್ನ ಮಾತು ಒಂದೇ. ಲೈಟ್ ಆರ್ಡರ್ ಮಾಡುವ ಮುಂಚೆ ಇರುವ ಹೆಡ್‌ಲೈಟ್ ಸರಿ ಮಾಡಿ. ಆಮೇಲೆ ಬೆಳಕು ಎಷ್ಟು ಬೇಕು ಅನ್ನುವುದಕ್ಕಿಂತ ಎಲ್ಲಿ ಬೀಳಬೇಕು ಅಂತ ಯೋಚನೆ ಮಾಡಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಮೊದಲ ಬೈಕಿಗೆ ನಾನು ಹಾಕಿದ್ದು ಎಲ್ಲಾ ಕಡೆ ಹರಡುವ ದೊಡ್ಡ ಎಲ್ಇಡಿ ಜೋಡಿ. ಹಚ್ಚಿದರೆ ಮುಂದಿನ ಇಪ್ಪತ್ತು ಮೀಟರ್ ಹಾಲು ಚೆಲ್ಲಿದ ಹಾಗೆ. ತುಂಬಾ ಖುಷಿಯಾಗಿತ್ತು. ಆದರೆ ಒಂದು ತಿಂಗಳಲ್ಲಿ ಏನೋ ಸರಿ ಇಲ್ಲ ಅನಿಸತೊಡಗಿತು. ರಸ್ತೆಯ ಗುಂಡಿ ಮೊದಲಿಗಿಂತ ತಡವಾಗಿ ಕಾಣುತ್ತಿದೆಯೇನೋ ಅಂತ ಅನುಮಾನ. ಒಂದು ರಾತ್ರಿ ಓಡಾಟವೇ ಇಲ್ಲದ, ಗೇಟು ಹಾಕಿದ ಖಾಸಗಿ ರಸ್ತೆಗೆ ಹೋದೆ. ಒಂದು ರಟ್ಟಿನ ಡಬ್ಬಕ್ಕೆ ಬೂದು ಬಣ್ಣದ ಹಳೆ ಟೀ ಶರ್ಟ್ ಸುತ್ತಿ ರಸ್ತೆ ನಡುವೆ ಇಟ್ಟೆ. ದೂರದಿಂದ ಬೈಕನ್ನು ನಡಿಗೆಯ ವೇಗದಲ್ಲಿ ತಂದೆ. ಡಬ್ಬ ಕಂಡ ಕೂಡಲೇ ನಿಲ್ಲಿಸಿ ಹೆಜ್ಜೆ ಎಣಿಸಿದೆ. ಬರೀ ಲೋ ಬೀಮ್‌ನಲ್ಲಿ 55 ಹೆಜ್ಜೆ. ಹೊಸ ಲೈಟ್ ಹಚ್ಚಿಕೊಂಡು ಬಂದಾಗ 48. ನಂಬಲಾಗದೆ ಮೂರು ಸಲ ಮಾಡಿದೆ. ಹೆಚ್ಚು ಕಮ್ಮಿ ಅಷ್ಟೇ ಬಂತು.

ಕಾರಣ ಕಷ್ಟದ್ದೇನಲ್ಲ. ಮುಂದಿನ ಚಕ್ರದ ಹತ್ತಿರ ಬೆಳಕು ಜಾಸ್ತಿ ಆದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಕಣ್ಣು ಹತ್ತಿರದ ಬೆಳಕಿಗೆ ಒಗ್ಗಿಕೊಳ್ಳುತ್ತದೆ. ಆಗ ದೂರದ ಮಂದ ವಸ್ತು ಕತ್ತಲಲ್ಲೇ ಉಳಿಯುತ್ತದೆ. ಜೊತೆಗೆ ದೂರಕ್ಕೆ ಹೋದ ಹಾಗೆ ಬೆಳಕು ಬೇಗ ಸೊರಗುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಹರಡುವ ಲೈಟ್‌ಗೆ ಎಷ್ಟು ವ್ಯಾಟ್ ಹಾಕಿದರೂ ದೂರಕ್ಕೆ ಅದು ತಲುಪುವುದಿಲ್ಲ. ದೂರ ಬೇಕಿದ್ದರೆ ಕಿರಿದಾಗಿ ಒಟ್ಟಿಗೆ ಹೋಗುವ ಬೆಳಕು ಬೇಕು. ಡಬ್ಬದ ಮೇಲೆ ಬರೆದ ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ನೋಡಿ ಲೈಟ್ ಆರಿಸಬೇಡಿ. ಬೆಳಕು ರಸ್ತೆ ಮೇಲೆ ಯಾವ ಆಕಾರದಲ್ಲಿ ಬೀಳುತ್ತದೆ ಅನ್ನುವ ಚಿತ್ರ ನೋಡಿ ಆರಿಸಿ.

ಈಗ ನಿಮ್ಮ ಕೊಂಬೆಯ ವಿಷಯ. ಅದು ವ್ಯಾಟ್ ಕಮ್ಮಿ ಆದದ್ದಕ್ಕೆ ಕಾಣದೆ ಹೋದದ್ದಲ್ಲ ಅಂತ ನನಗನಿಸುತ್ತದೆ. ಎರಡು ಕಾರಣ ಕಾಣುತ್ತಿದೆ.

ಒಂದು, ವಾಲುವುದು. ಮನೆಯಲ್ಲಿ ಒಂದು ಸ್ಕೇಲನ್ನು ಮುಖದ ಮುಂದೆ ಅಡ್ಡ ಹಿಡಿದುಕೊಳ್ಳಿ. ಲೋ ಬೀಮ್‌ಗೆ ಮೇಲ್ಗಡೆ ಒಂದು ಗೆರೆ ಇರುತ್ತದೆ, ಅದರ ಮೇಲೆ ಕತ್ತಲು, ಕೆಳಗೆ ಬೆಳಕು. ಸ್ಕೇಲ್ ಆ ಗೆರೆ ಅಂದುಕೊಳ್ಳಿ. ಈಗ ಎಡಕ್ಕೆ ವಾಲಿ, ಸ್ಕೇಲೂ ನಿಮ್ಮ ಜೊತೆ ವಾಲಲಿ. ಎಡತುದಿ ಕೆಳಗಿಳಿಯಿತು, ಬಲತುದಿ ಮೇಲೆ ಹೋಯಿತು, ಅಲ್ವಾ? ನೀವು ಹೋಗಬೇಕಾದದ್ದು ಎಡಕ್ಕೆ. ಅಲ್ಲೇ ಗೆರೆ ಕೆಳಗೆ ಬಂದು ರಸ್ತೆ ಕತ್ತಲಾಯಿತು. ಬೇಡದ ಬಲಗಡೆ ಬೆಳಕು ಮರದ ಮೇಲೆ ಹೋಯಿತು. ಬಲಕ್ಕೆ ವಾಲಿದರೆ ಇದೇ ಉಲ್ಟಾ. ಯಾವ ತಿರುವಾದರೂ ಒಳಗಡೆಯೇ ಕತ್ತಲು. ಬಿಎಂಡಬ್ಲ್ಯು 2011ರ ಕೆ 1600 ಜಿಟಿಗೆ ವಾಲಿದಾಗ ಬೆಳಕನ್ನು ಮಟ್ಟ ಮಾಡುವ ಹೆಡ್‌ಲೈಟ್ ತಂದದ್ದು ಇದೇ ಕಾರಣಕ್ಕೆ. ನಮ್ಮಂಥ ಬೈಕಿಗೆ ಇದಕ್ಕಿರುವ ಉಪಾಯ ಅಂದರೆ, ಕೆಳಗೆ ಕೂರಿಸಿದ, ಪಕ್ಕಕ್ಕೆ ಚೆನ್ನಾಗಿ ಹರಡುವ, ಮೇಲೆ ಚೂಪಾಗಿ ಕತ್ತರಿಸಿದ ಗೆರೆ ಇರುವ ಫಾಗ್ ಜೋಡಿ. ಅಗಲ ಇರುವುದರಿಂದ ವಾಲಿದಾಗಲೂ ಒಂದು ತುದಿ ತಿರುವಿನ ಒಳಗೆ ಬೀಳುತ್ತದೆ.

ಎರಡನೆಯದು ಭಾರ. ಹೆಂಡತಿ ಮತ್ತು ಎರಡು ಬಾಕ್ಸ್ ಇದ್ದಾಗ ಬೈಕಿನ ಹಿಂಭಾಗ ಕೂರುತ್ತದೆ, ಮೂತಿ ಏಳುತ್ತದೆ. ಎರಡು ಚಕ್ರದ ನಡುವೆ 1450 ಮಿ.ಮೀ. ಇದ್ದರೆ, ಹಿಂದೆ ಬರೀ 25 ಮಿ.ಮೀ. ಜಾಸ್ತಿ ಕೂತರೂ ಬೆಳಕು ಸುಮಾರು ಒಂದು ಡಿಗ್ರಿ ಮೇಲೇಳುತ್ತದೆ. ಒಂದು ಡಿಗ್ರಿ ಅಂದರೆ 100 ಮೀಟರ್ ದೂರದಲ್ಲಿ ಒಂದೂಮುಕ್ಕಾಲು ಮೀಟರ್ ಎತ್ತರ! ಅಂದರೆ ಅವತ್ತು ನಿಮ್ಮ ಲೋ ಬೀಮ್ ರಸ್ತೆಗೆ ಬೀಳುವ ಬದಲು ಆ ಕಾರಿನವನ ಮುಖಕ್ಕೆ ಹೋಗಿರಬಹುದು. ಟೂರ್ ಹೊರಡುವಾಗ ಹಿಂದಿನ ಸಸ್ಪೆನ್ಷನ್ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಾಣಿಕೆ) ಬಿಗಿ ಮಾಡಿ. ಅದಕ್ಕೆ ಐದು ನಿಮಿಷ ಸಾಕು.

ಹಾಗಾಗಿ ನಿಮ್ಮ ಗುಡ್ಡದ ರಸ್ತೆಗೆ ಮೊದಲು ಫಾಗ್ ಜೋಡಿ. ನೇರ ಹೆದ್ದಾರಿಯಲ್ಲೇ ರಾತ್ರಿ ಕಳೆಯುವವರಾದರೆ ಸ್ಪಾಟ್ ಅಂತ ಹೇಳುತ್ತಿದ್ದೆ. ಗಾಜಿನ ಮೇಲೆ ವೃತ್ತದೊಳಗೆ ಇ ಗುರುತು ಇದೆಯಾ ನೋಡಿ. ಅದರ ಪಕ್ಕ ಬಿ ಅಥವಾ ಎಫ್3 ಅಂತ ಅಚ್ಚಾಗಿದ್ದರೆ ಅದು ಫಾಗ್ ಲ್ಯಾಂಪ್ ಅಂತ ಪರೀಕ್ಷೆ ಆಗಿದೆ ಅಂತ ಅರ್ಥ. ಎಷ್ಟು ಲೈಟ್, ಯಾವ ಬಣ್ಣ, ಎಷ್ಟು ಎತ್ತರ ಅನ್ನುವ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ನಿಮ್ಮಲ್ಲಿಯದು ಓದಿಕೊಂಡೇ ಕೊಳ್ಳಿ.

ಇನ್ನೊಂದು ಮರೆತಿದ್ದೆ. ಹೆಲ್ಮೆಟ್ ವೈಸರ್. ಅದನ್ನು ಬೀದಿ ದೀಪಕ್ಕೆ ಹಿಡಿದು ನೋಡಿ. ದೀಪದ ಸುತ್ತ ಜೇಡರ ಬಲೆ ಥರ ಗೀರು ಕಂಡರೆ ಹೊಸದು ಹಾಕಿ. ಆ ಗೀರುಗಳೇ ಎದುರಿನ ಬೆಳಕನ್ನು ಕಣ್ಣ ತುಂಬಾ ಹರಡುವುದು. ಕಪ್ಪು ವೈಸರ್ ರಾತ್ರಿ ಬೇಡವೇ ಬೇಡ.

ದೂರದಬಸ್ಸು:

ನಾನು ಬೈಕ್ ಓಡಿಸುವವನಲ್ಲ. ಇಪ್ಪತ್ತು ವರ್ಷದಿಂದ ರಾತ್ರಿ ಬಸ್ ಓಡಿಸುತ್ತಿದ್ದೇನೆ. ಮಗನಿಗೆ ಬೈಕಿನ ಹುಚ್ಚು, ಅದಕ್ಕೆ ಇಲ್ಲಿ ಓದುತ್ತಿರುತ್ತೇನೆ.

ಎದುರಿನವರ ಬಗ್ಗೆ ಕೇಳಿದಿರಲ್ಲ, ಆ ಎದುರಿನವನು ನಾನೇ. ನನ್ನ ಕಣ್ಣು ರಸ್ತೆಯಿಂದ ಎರಡು ಮೀಟರ್‌ಗಿಂತ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೂ ಬೈಕಿನ ಎಲ್ಇಡಿ ಬಂದು ಹೊಡೆಯುತ್ತದೆ. ಹೊಡೆದ ಮೇಲೆ ಎರಡು ಮೂರು ಸೆಕೆಂಡ್ ನನಗೆ ರಸ್ತೆಯ ಅಂಚು ಕಾಣುವುದಿಲ್ಲ. 60ರ ವೇಗದಲ್ಲಿ ಮೂರು ಸೆಕೆಂಡಿಗೆ ಬಸ್ 50 ಮೀಟರ್ ಮುಂದೆ ಹೋಗಿರುತ್ತದೆ. ಹಿಂದೆ ನಲವತ್ತು ಜನ ಮಲಗಿರುತ್ತಾರೆ. ಆ ಕುರುಡು 50 ಮೀಟರ್‌ನಲ್ಲಿ ನನ್ನ ಪಕ್ಕದಿಂದಲೇ ಹಾದು ಹೋಗುವವನು ಅದೇ ಬೈಕಿನವನು. ಇದನ್ನು ಮಗನಿಗೆ ಎಷ್ಟು ಸಲ ಹೇಳಿದ್ದೇನೋ.

ಆದರೆ ಸರಿಯಾಗಿ ಹಾಕಿದ ಲೈಟ್ ನನಗೂ ಉಪಕಾರ. ಒಂಟಿ ದೀಪ ಬಂದರೆ ಅದು ಹತ್ತಿರದಲ್ಲಿದೆಯೋ ದೂರದಲ್ಲಿದೆಯೋ, ಎಷ್ಟು ವೇಗದಲ್ಲಿದೆಯೋ ಅಳತೆಯೇ ಸಿಗುವುದಿಲ್ಲ. ಒಂದು ಕಣ್ಣು ಹೋದ ಕಾರೂ ಹಾಗೇ ಕಾಣುತ್ತದೆ. ಮೇಲೊಂದು, ಕೆಳಗೆ ಅಗಲಕ್ಕೆ ಎರಡು, ಹೀಗೆ ಮುಕ್ಕೋನವಾಗಿ ಬಂದರೆ ಅದು ಬೈಕ್ ಅಂತ ಕೂಡಲೇ ಗೊತ್ತಾಗುತ್ತದೆ. ಮುಕ್ಕೋನ ದೊಡ್ಡದಾಗುವ ರೀತಿ ನೋಡಿದರೆ ವೇಗವೂ ತಿಳಿಯುತ್ತದೆ. ಎರಡು ಲೈಟನ್ನು ಎಷ್ಟು ಆಗುತ್ತದೋ ಅಷ್ಟು ದೂರ ದೂರ, ಕೆಳಗೆ ಹಾಕಿ.

ಎರಡು ಕೋರಿಕೆ. ನನ್ನ ಹಿಂದೆ ಬರುವಾಗ ಎಕ್ಸ್‌ಟ್ರಾ ಲೈಟ್ ಆರಿಸಿ, ಕನ್ನಡಿಯಲ್ಲಿ ಬೇರೇನೂ ಕಾಣುವುದಿಲ್ಲ. ಮಳೆಯಾದ ರಸ್ತೆಯಲ್ಲಿ ಇನ್ನೂ ಜಾಸ್ತಿ ಗಮನ ಇರಲಿ. ಒದ್ದೆ ಡಾಂಬರು ಕನ್ನಡಿಯ ಹಾಗೆ. ನೀವು ಕೆಳಗೆ ಬಿಟ್ಟ ಬೆಳಕೂ ಜಾರಿ ಬಂದು ನನ್ನ ಕಣ್ಣಿಗೇ ಬೀಳುತ್ತದೆ.

ರಾತ್ರಿದಾರಿ:

ಬಸ್ಸಿನ ಸರ್, ನೀವು ಬರೆದದ್ದನ್ನು ಎರಡು ಸಲ ಓದಿದೆ. ಹೆಂಡತಿಗೂ ಓದಿ ಹೇಳಿದೆ. ತುಂಬಾ ಥ್ಯಾಂಕ್ಸ್.

ಎರಡುಚಕ್ರ ಅವರೇ, ಸ್ಕೇಲ್ ಹಿಡಿದು ಕನ್ನಡಿ ಮುಂದೆ ವಾಲಿ ನೋಡಿದೆ. ಎಂಟು ವರ್ಷ ಓಡಿಸಿದ ಮೇಲೆ ಇದು ಈಗ ಅರ್ಥ ಆಯಿತು. ಫಾಗ್ ಅಂತ ಗಟ್ಟಿ ಮಾಡಿಕೊಂಡೆ. ತಲಾ 20 ವ್ಯಾಟ್‌ನ ಎಲ್ಇಡಿ ಜೋಡಿ ನೋಡಿದ್ದೇನೆ, ಬಿ ಗುರುತು ಇದೆ. ಹಳದಿ ಮತ್ತು ಬಿಳಿ ಎರಡೂ ಸಿಗುತ್ತದೆ. ಮಂಜಿಗೆ ಹಳದಿಯೇ ಬೇಕು ಅನ್ನುತ್ತಾರಲ್ಲ, ನಿಜವಾ? ಹೆಡ್‌ಲೈಟ್‌ಗೂ 100/90 ವ್ಯಾಟ್ ಬಲ್ಬ್ ಅಥವಾ ಎಲ್ಇಡಿ ಬಲ್ಬ್ ಹಾಕಿಬಿಡಲಾ ಅಂತಲೂ ಯೋಚನೆ ಇದೆ. ವೈರಿಂಗ್ ಬಗ್ಗೆ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ತಾಮ್ರತಂತಿ:

ವಾಹನದ ಎಲೆಕ್ಟ್ರಿಕಲ್ ಕೆಲಸ ನನ್ನ ಹೊಟ್ಟೆಪಾಡು. ಹೆಡ್‌ಲೈಟ್‌ನಿಂದಲೇ ಶುರು ಮಾಡುತ್ತೇನೆ.

100/90 ಬಲ್ಬ್ ಬೇಡ. ಹಳೆ ಬೈಕಿನ ಸ್ವಿಚ್ಚಿನ ಒಳಗಿನ ತುದಿಗಳು ಆ ಕರೆಂಟಿಗೆ ಮಾಡಿದ್ದಲ್ಲ. ಸ್ವಿಚ್ ಕರಗಿ ಅಂಟಿಕೊಂಡದ್ದನ್ನು, ಬಲ್ಬಿನ ಸಾಕೆಟ್ ಕಂದು ಬಣ್ಣಕ್ಕೆ ಸುಟ್ಟದ್ದನ್ನು ನಾನು ಎಷ್ಟೋ ಸಲ ಬಿಚ್ಚಿದ್ದೇನೆ. ಎಲ್ಇಡಿ ಬಲ್ಬೂ ಬೇಡ. ನಿಮ್ಮ ರಿಫ್ಲೆಕ್ಟರ್ ಮಾಡಿರುವುದು ಹ್ಯಾಲೊಜೆನ್‌ನ ಸಣ್ಣ ತಂತಿಗೆ. ಎಲ್ಇಡಿ ಚಿಪ್ಪಿನ ಗಾತ್ರ, ಜಾಗ ಸ್ವಲ್ಪ ಆಚೀಚೆ ಆದರೂ ಬೆಳಕು ಚದುರಿ ಬಸ್ಸಿನವರ ಕಣ್ಣಿಗೆ ಹೋಗುತ್ತದೆ.

ಅದರ ಬದಲು ಒಂದು ಕೆಲಸ ಮಾಡಿ. ಮಲ್ಟಿಮೀಟರ್ ತಗೊಳ್ಳಿ. ಇಂಜಿನ್ ಓಡುತ್ತಿರಲಿ, ಲೋ ಬೀಮ್ ಹತ್ತಿರಲಿ. ಬ್ಯಾಟರಿ ತುದಿಯಲ್ಲಿ ವೋಲ್ಟೇಜ್ ನೋಡಿ. ಆಮೇಲೆ ಬಲ್ಬಿನ ಹಿಂಬದಿಯ ಪಿನ್ನಿನಲ್ಲಿ ನೋಡಿ. ಹಳೆ ಬೈಕಿನಲ್ಲಿ ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿನಲ್ಲಿ 12.4 ಇರುವುದು ಮಾಮೂಲು. ಮಧ್ಯದ ಸ್ವಿಚ್ಚು, ಕನೆಕ್ಟರ್, ತೆಳು ವೈರ್ ಎಲ್ಲಾ ಸೇರಿ ತಿಂದಿರುತ್ತವೆ. ಹತ್ತು ಪರ್ಸೆಂಟ್ ವೋಲ್ಟೇಜ್ ಹೋದರೆ ಹ್ಯಾಲೊಜೆನ್ ಬೆಳಕು ಹತ್ತು ಪರ್ಸೆಂಟ್ ಅಲ್ಲ, ಸುಮಾರು ಮೂವತ್ತು ಪರ್ಸೆಂಟ್ ಹೋಗುತ್ತದೆ. ಹೆಡ್‌ಲೈಟ್‌ಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಹಾಕಿ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರ ಕೊಟ್ಟರೆ ಅದೇ 55 ವ್ಯಾಟ್ ಬಲ್ಬ್ ಹೊಸದರ ಥರ ಉರಿಯುತ್ತದೆ.

ಈಗ ಲೆಕ್ಕ. 300 ವ್ಯಾಟ್ ಅನ್ನುವುದು 5000 ಆರ್‌ಪಿಎಂನದ್ದು. ಐಡಲ್‌ನಲ್ಲಿ ಅದು ತುಂಬಾ ಕಮ್ಮಿ. ಹೆಡ್‌ಲೈಟ್, ಹಿಂದಿನ ದೀಪ, ಪೆಟ್ರೋಲ್ ಪಂಪು, ಇಗ್ನಿಷನ್, ಬಿಸಿ ಗ್ರಿಪ್, ಫೋನ್ ಎಲ್ಲಾ ಸೇರಿ 200 ದಾಟಬಹುದು. 40 ವ್ಯಾಟ್ ಜೋಡಿಗೆ ಜಾಗ ಇದೆ. ಫಿಟ್ಟಿಂಗ್ ಆದ ಮೇಲೆ ಎಲ್ಲವನ್ನೂ ಹಚ್ಚಿ, ನೀವು ಮಾಮೂಲಾಗಿ ಓಡಿಸುವ ಆರ್‌ಪಿಎಂನಲ್ಲಿ ಬ್ಯಾಟರಿ ವೋಲ್ಟೇಜ್ ನೋಡಿ. 13.2ರ ಮೇಲಿದ್ದರೆ ನಿಶ್ಚಿಂತೆ. 12.8ಕ್ಕಿಂತ ಕೆಳಗೆ ಬಂದರೆ ಬ್ಯಾಟರಿ ಖಾಲಿಯಾಗುತ್ತಿದೆ ಅಂತ, ಗ್ರಿಪ್ ಆರಿಸಿ. ಉದ್ದ ಸಿಗ್ನಲ್‌ನಲ್ಲಿ ನಿಂತಾಗ ಫಾಗ್ ಆರಿಸುವ ಅಭ್ಯಾಸ ಮಾಡಿಕೊಳ್ಳಿ. ನಿಂತಾಗ ಗಾಳಿ ಇಲ್ಲದೆ ಎಲ್ಇಡಿಯೂ ಬಿಸಿಯಾಗುತ್ತದೆ.

ವೈರಿಂಗ್. 40 ವ್ಯಾಟ್ ಅಂದರೆ ಮೂರು ಆಂಪಿಯರ್. 1.5 ಚದರ ಮಿ.ಮೀ. ವೈರ್ ಧಾರಾಳ. ರಿಲೇ ಅಡಿಯಲ್ಲಿ ನಂಬರ್ ಅಚ್ಚಾಗಿರುತ್ತದೆ. 30ಕ್ಕೆ ಬ್ಯಾಟರಿ ಪ್ಲಸ್‌ನಿಂದ ವೈರ್, ನಡುವೆ 5 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ವೈರ್ ಎಲ್ಲಿ ಉಜ್ಜಿ ಶಾರ್ಟ್ ಆದರೂ ಫ್ಯೂಸ್ ಅದಕ್ಕಿಂತ ಮುಂಚೆ ಇರಬೇಕು, ಅದಕ್ಕೆ. ಪೆಟ್ರೋಲ್ ಟ್ಯಾಂಕ್ ಕೆಳಗೆ ಹಾಯುವ ವೈರ್ ಅದು, ಇದರಲ್ಲಿ ಮಾತ್ರ ಉದಾಸೀನ ಬೇಡ. 87ರಿಂದ ಎರಡೂ ಲೈಟಿಗೆ. 85 ಅರ್ತ್‌ಗೆ. 86ಕ್ಕೆ ಪಾರ್ಕಿಂಗ್ ಲೈಟ್ ವೈರಿನಿಂದ ಸಣ್ಣ ವೈರ್, ನಡುವೆ ನಿಮ್ಮ ಸ್ವಿಚ್. ಹೀಗೆ ಮಾಡಿದರೆ ಸ್ವಿಚ್ಚಿನಲ್ಲಿ ಹರಿಯುವುದು ಕಾಲು ಆಂಪಿಯರ್‌ಗಿಂತ ಕಮ್ಮಿ. ಕೀ ತೆಗೆದರೆ ಲೈಟೂ ಆರುತ್ತದೆ. ಮುಂದೆ ಸ್ಪಾಟ್ ಹಾಕಿದರೆ ಅದರ 86 ಮಾತ್ರ ಹೈ ಬೀಮ್ ವೈರಿಗೆ. ಆಗ ಡಿಪ್ ಮಾಡಿದ ಅದೇ ಹೆಬ್ಬೆರಳಿಗೆ ಸ್ಪಾಟ್ ಕೂಡ ಆರುತ್ತದೆ. ಹ್ಯಾಂಡಲ್ ಬಿಟ್ಟು ಹುಡುಕಬೇಕಾದ ಸ್ವಿಚ್ ಸ್ಪಾಟ್‌ಗೆ ಬೇಡ.

ಲೈಟಿನ ಅರ್ತನ್ನು ಬಣ್ಣ ಬಳಿದ ಚಾಸಿಗೆ ಕೊಡಬೇಡಿ, ಬ್ಯಾಟರಿ ಮೈನಸ್‌ಗೆ ತನ್ನಿ. ಜೋಡಣೆಗೆ ಕ್ರಿಂಪ್ ಮಾಡಿ (ಲೋಹದ ತುದಿಯನ್ನು ವೈರಿನ ಮೇಲೆ ಇಕ್ಕಳದಿಂದ ಒತ್ತಿ ಕೂರಿಸುವುದು), ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಬೆಸುಗೆ ಹಾಕಿದ ಕಡೆ ವೈರ್ ಗಟ್ಟಿಯಾಗುತ್ತದೆ, ಬೈಕಿನ ನಡುಕಕ್ಕೆ ಆ ಗಟ್ಟಿ ಭಾಗದ ಪಕ್ಕದಲ್ಲೇ ತುಂಡಾಗುತ್ತದೆ. ಎಲ್ಲಾ ಮುಗಿದ ಮೇಲೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಯಾವ ವೈರೂ ಎಳೆಯಬಾರದು, ಸಿಕ್ಕಿಕೊಳ್ಳಬಾರದು.

ಲೈಟಿನ ಡಬ್ಬದ ಮೇಲೆ ಐಪಿ67 ಅಂತ ಇದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ. ಮಳೆಗೆ ಸಾಕು. ವಾಟರ್ ವಾಶ್‌ನ ಜೋರು ನೀರಿಗೆ ಅದು ಗ್ಯಾರಂಟಿ ಅಲ್ಲ, ಪೈಪನ್ನು ಲೈಟಿಗೆ ನೇರ ಹಿಡಿಯಬೇಡಿ.

ಎರಡುಚಕ್ರ:

ತಾಮ್ರತಂತಿ ಅವರು ಹೇಳಿದ್ದನ್ನು ಪ್ರಿಂಟ್ ತೆಗೆದು ಗ್ಯಾರೇಜ್ ಗೋಡೆಗೆ ಅಂಟಿಸಿಕೊಳ್ಳಬಹುದು.

ಹಳದಿ ಬಿಳಿ ಬಗ್ಗೆ. ಮಂಜಿನ ಹನಿ ಬೆಳಕಿನ ಅಲೆಗಿಂತ ತುಂಬಾ ದೊಡ್ಡದು. ಹಾಗಾಗಿ ಹಳದಿಯೂ ಬಿಳಿಯೂ ಅದರಲ್ಲಿ ಹೆಚ್ಚು ಕಮ್ಮಿ ಒಂದೇ ಥರ ಚದುರುತ್ತವೆ. ಹಳದಿ ಮಂಜನ್ನು ಸೀಳಿಕೊಂಡು ಹೋಗುತ್ತದೆ ಅನ್ನುವುದು ನಿಜ ಅಲ್ಲ. ಫ್ರಾನ್ಸ್‌ನಲ್ಲಿ 1993ರವರೆಗೂ ಹೆಡ್‌ಲೈಟ್ ಹಳದಿಯೇ ಇರಬೇಕಿತ್ತು. ಆಮೇಲೆ ಅವರೂ ಬಿಳಿಗೆ ಬಂದರು. ಮಂಜಿನಲ್ಲಿ ಕೆಲಸ ಮಾಡುವುದು ಎತ್ತರ. ಲೈಟ್ ಕೆಳಗಿದ್ದು ಕಣ್ಣು ಮೇಲಿದ್ದರೆ ಮಂಜಿನಿಂದ ವಾಪಸ್ ಬರುವ ಬೆಳಕು ಕಮ್ಮಿ. ಆದರೂ ನಾನು ಹಳದಿಯೇ ಹಾಕಿದ್ದೇನೆ. ನೀಲಿ ಕಡಿಮೆ ಇರುವ ಬೆಳಕು ಮಳೆಯಲ್ಲಿ ನನ್ನ ಕಣ್ಣಿಗೆ ತಂಪು. ಬಿಳಿ ಎಲ್ಇಡಿ ತಗೊಂಡರೆ 6000 ಕೆಲ್ವಿನ್‌ನ ನೀಲಿ ಛಾಯೆಯದ್ದು ಬೇಡ, 4300ರ ಆಸುಪಾಸಿನದ್ದು ನೋಡಿ.

ಕೂರಿಸುವಾಗ ಒಂದು ವಿಷಯ. ಸಮ ನೆಲದಲ್ಲಿ, ಗೋಡೆಗೆ 10 ಮೀಟರ್ ದೂರದಲ್ಲಿ ಬೈಕ್ ನಿಲ್ಲಿಸಿ. ಬಾಕ್ಸ್ ತುಂಬಿರಲಿ, ಹೆಂಡತಿ ಹಿಂದೆ, ನೀವು ಮುಂದೆ ಕೂತಿರಿ. ಟಯರ್ ಗಾಳಿ ಸರಿ ಇರಲಿ. ಇನ್ನೊಬ್ಬರು ಗೋಡೆಗೆ ಟೇಪ್ ಹಚ್ಚಲಿ. ಹೆಡ್‌ಲೈಟ್ ಮಧ್ಯ 90 ಸೆಂ.ಮೀ. ಎತ್ತರ ಇದ್ದರೆ ಲೋ ಬೀಮ್ ಗೆರೆ ಗೋಡೆಯಲ್ಲಿ 80ಕ್ಕೆ ಬರಲಿ. ಆಗ ಗೆರೆ 90 ಮೀಟರ್‌ಗೆ ನೆಲ ಮುಟ್ಟುತ್ತದೆ. ಫಾಗ್ 55 ಸೆಂ.ಮೀ. ಎತ್ತರದಲ್ಲಿದ್ದರೆ ಅದರ ಗೆರೆ 35ಕ್ಕೆ. ಅದು ಸುಮಾರು 27 ಮೀಟರ್‌ಗೆ ಮುಗಿಯುತ್ತದೆ. ಕಮ್ಮಿ ಆಯಿತು ಅನಿಸಬಹುದು. ಎತ್ತಬೇಡಿ. ಅದರ ಕೆಲಸ ಅಗಲ. ದೂರ ಹೆಡ್‌ಲೈಟಿನದು.

ವೇಗದ ಲೆಕ್ಕವೂ ಇದೆ. 60ರಲ್ಲಿ ಕಂಡು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ತಗೊಂಡರೆ ಅಷ್ಟರಲ್ಲೇ 25 ಮೀಟರ್ ಹೋಯಿತು. ನಿಲ್ಲಲು ಇನ್ನೊಂದು 20. ಒಟ್ಟು 45. ಅದೇ 100ರಲ್ಲಿ ಸುಮಾರು 97 ಮೀಟರ್. ಇದು ಒಣ ರಸ್ತೆಯದ್ದು. ಲೋ ಬೀಮ್‌ನಲ್ಲಿ 100ರಲ್ಲಿ ಹೋಗುವವರನ್ನು ನೋಡಿದರೆ ನನಗೆ ನಿಜವಾಗಿ ಭಯ ಆಗುತ್ತದೆ.

ರಾತ್ರಿದಾರಿ:

ಎರಡು ವಾರ ಆಯಿತು, ಕೆಲಸ ಮುಗಿಯಿತು. ಹೇಳಲೇಬೇಕು ಅಂತ ಬಂದೆ.

ಮೊದಲು ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 13.9. ಬಲ್ಬಿನ ಪಿನ್ನಿನಲ್ಲಿ 12.3! ಎಂಟು ವರ್ಷ ಹೀಗೇ ಓಡಿಸಿದ್ದೇನೆ. ಹೆಡ್‌ಲೈಟ್ ಬಿಚ್ಚಿದರೆ ಅರ್ತ್ ಕನೆಕ್ಟರ್ ಹಸಿರು ಹಿಡಿದಿತ್ತು, ಬೆರಳಲ್ಲಿ ಉಜ್ಜಿದರೆ ಪುಡಿ ಉದುರಿತು. ಅದನ್ನು ಬದಲಾಯಿಸಿ ಎರಡು ರಿಲೇ ಹಾಕಿದೆ, ಹೈಗೊಂದು ಲೋಗೊಂದು. ಈಗ ಬಲ್ಬಿನಲ್ಲಿ 13.6. ಅವತ್ತು ರಾತ್ರಿ ಬರೀ ಹೆಡ್‌ಲೈಟ್ ಹಚ್ಚಿ ಗೋಡೆಗೆ ಬಿಟ್ಟಾಗ ಹೆಂಡತಿ ಕೇಳಿದಳು, ಹೊಸ ಲೈಟ್ ಹಾಕಿದ್ರಾ ಅಂತ. ಫಾಗ್ ಇನ್ನೂ ಡಬ್ಬದಲ್ಲೇ ಇತ್ತು.

ಫಾಗ್ ಹಳದಿಯದೇ ತಗೊಂಡೆ. ಕ್ರ್ಯಾಶ್ ಗಾರ್ಡ್‌ನ ಕೆಳ ಕಂಬಿಗೆ, ಎರಡರ ನಡುವೆ 60 ಸೆಂ.ಮೀ. ಅಂತರ. ಗೋಡೆ, ಟೇಪ್, ಎಲ್ಲಾ ನೀವು ಹೇಳಿದ ಹಾಗೇ. ಭಾರ ಇಲ್ಲದೆ ಒಂದು ಸಲ, ಭಾರ ಹಾಕಿ ಒಂದು ಸಲ ಗುರುತು ಮಾಡಿದೆ. 10 ಮೀಟರ್‌ನಲ್ಲಿ ಗೆರೆ 16 ಸೆಂ.ಮೀ. ಮೇಲೆ ಹೋಗಿತ್ತು. ಪ್ರೀಲೋಡ್ ಮೂರು ಹಲ್ಲು ಬಿಗಿ ಮಾಡಿದ ಮೇಲೆ ಕೆಳಗೆ ಬಂತು. ಎಲ್ಲಾ ಹಚ್ಚಿ, ಗ್ರಿಪ್ ಬಿಸಿ ಮಾಡಿ, 4000 ಆರ್‌ಪಿಎಂನಲ್ಲಿ ಬ್ಯಾಟರಿ 13.4 ತೋರಿಸುತ್ತಿದೆ.

ಹೋದ ಶನಿವಾರ ಅದೇ ಗುಡ್ಡದ ರಸ್ತೆಗೆ ಇಬ್ಬರೂ ಹೋದೆವು. ಬೇಕು ಅಂತಲೇ ಅದೇ ಹೊತ್ತಿಗೆ. ತಿರುವಿಗೆ ವಾಲಿಸಿದಾಗ ರಸ್ತೆಯ ಒಳ ಅಂಚಿನ ಹುಲ್ಲು, ಅದರ ಬುಡದಲ್ಲಿದ್ದ ಜಲ್ಲಿ, ಒಂದೊಂದು ಕಲ್ಲೂ ಹಳದಿಯಾಗಿ ಕಂಡಿತು. ಆ ಕೊಂಬೆಯನ್ನು ಯಾರೋ ಪಕ್ಕಕ್ಕೆ ಎಳೆದು ಹಾಕಿದ್ದರು, ಎಲೆ ಒಣಗಿತ್ತು. ಈ ಸಲ ಅದನ್ನು ನನಗಿಂತ ಮೊದಲು ಹೆಂಡತಿ ಗುರುತಿಸಿ ನನ್ನ ಹೆಗಲು ತಟ್ಟಿ ತೋರಿಸಿದಳು. ಒಂದು ಬಸ್ ಎದುರಾಯಿತು. ಡಿಪ್ ಮಾಡಿದೆ. ಅವರೂ ಡಿಪ್ ಮಾಡಿದರು. ಮತ್ತೆ ಮೇಲೆತ್ತಿ ನನಗೆ ಹೊಡೆಯಲಿಲ್ಲ. ಅದು ನನಗೆ ದೊಡ್ಡ ಸಮಾಧಾನ.

ಒಂದು ತೊಂದರೆ ಉಳಿದಿದೆ. 300 ಕಿ.ಮೀ. ಆದ ಮೇಲೆ ನೋಡಿದರೆ ಬಲಗಡೆ ಬ್ರಾಕೆಟ್‌ನ ನಟ್ ಸಡಿಲ ಆಗಿತ್ತು, ಲೈಟ್ ಒಂದು ಬೆರಳಷ್ಟು ಮೇಲೆ ಮುಖ ಮಾಡಿತ್ತು. ಬಿಗಿ ಮಾಡಿದೆ. ಮತ್ತೆ ಆಗಬಾರದು ಅಂದರೆ ಏನು ಮಾಡಲಿ?

ತಾಮ್ರತಂತಿ:

13.6 ಓದಿ ತುಂಬಾ ಖುಷಿಯಾಯಿತು. ನಟ್ ತೆಗೆದು ನೈಲಾನ್ ಇರುವ ನಟ್ ಹಾಕಿ. ಇಲ್ಲದಿದ್ದರೆ ಎಳೆಗೆ ನೀಲಿ ಥ್ರೆಡ್ ಲಾಕರ್ (ನಟ್ ಸಡಿಲ ಆಗದ ಹಾಗೆ ಹಿಡಿಯುವ ಅಂಟು) ಎರಡು ಹನಿ ಸಾಕು. ಕೆಂಪು ಬೇಡ, ಆಮೇಲೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಕಂಬಿಗೂ ಕ್ಲ್ಯಾಂಪಿಗೂ ನಡುವೆ ಹಳೆ ಟ್ಯೂಬಿನ ರಬ್ಬರ್ ಒಂದು ಪಟ್ಟಿ ಸುತ್ತಿ.

ಎರಡುಚಕ್ರ:

ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬ್ರಾಕೆಟ್‌ವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಡಿ. ಗೆರೆ ತುಂಡಾಗಿ ಕಂಡರೆ ನಟ್ ತಿರುಗಿದೆ ಅಂತ. ನಾನು ಪೆಟ್ರೋಲ್ ಹಾಕಿಸುವಾಗೆಲ್ಲ ಬಗ್ಗಿ ಒಂದು ಸಲ ನೋಡುತ್ತೇನೆ. ಮುಂದಿನ ಟೂರ್ ಯಾವಾಗ?